ನಾವಿಬ್ಬರೇ ಕೊಂಡಕ್ಕೆ ಹೋದದ್ದು

ನನ್ನ ತಲೆಯ ವಿಷಯ ಯಾರೂ ಕೇಳಬೇಡಿ ಎಂದು ಹೇಳಿ ಹೇಳಿ ನನಗೆ ಸಾಕಾಗಿದೆ. ಕೇಳುವವರು ಕೇಳುತ್ತಲೇ ಇದ್ದಾರೆ. ಆದ್ದರಿಂದ ಒಂದು ಸಲ ಪೂರ್ತಿಯಾಗಿ ಹೇಳಿಬಿಡುತ್ತೇನೆ. ಆಮೇಲಾದರೂ ಶ್ರೀನಿವಾಸಪುರದ ಜನ ನನ್ನನ್ನು ನನ್ನ ಪಾಡಿಗೆ ಬಿಟ್ಟಾರು.

ನನ್ನ ಹೆಸರು ಅಪ್ಪಾಜಪ್ಪ. ಹುಟ್ಟಿದ್ದು ಮಾಲೂರು ಕಡೆ. ಕೆಲಸ ಶ್ರೀನಿವಾಸಪುರದ ತಾಲೂಕು ಕಚೇರಿಯಲ್ಲಿ, ಎರಡನೇ ಗುಮಾಸ್ತ. ವಾಸ ಹೆಂಡತಿಯ ತವರುಮನೆಯಲ್ಲಿ. ಮನೆಯಳಿಯ ಎನ್ನಬೇಡಿ. ಬಾಡಿಗೆ ಮನೆ ಸಿಗುವವರೆಗೆ ಇರೋಣ ಎಂದು ಬಂದವನು; ಐದು ವರ್ಷವಾದರೂ ಸಿಕ್ಕಿರಲಿಲ್ಲ, ಅಷ್ಟೆ.

ಆ ಮನೆಯಲ್ಲಿ ನಡುಮನೆ ಒಂದು, ಅಡುಗೆಮನೆ ಒಂದು, ಮಾವಿನಕಾಯಿ ಹಣ್ಣಿಗೆ ಹಾಕುವ ಕೋಣೆ ಒಂದು. ಜನ ಹನ್ನೊಂದು. ಕೋಣೆಯಲ್ಲಿ ಮಾವು ಇಲ್ಲದ ಕಾಲದಲ್ಲಿ ಅದನ್ನು ನನಗೂ ನನ್ನ ಹೆಂಡತಿ ವೆಂಕಟರತ್ನಮ್ಮನಿಗೂ ಬಿಟ್ಟುಕೊಡುತ್ತಿದ್ದರು. ಆದರೆ ಅದಕ್ಕೆ ಬಾಗಿಲಿರಲಿಲ್ಲ. ಒಂದು ಗೋಣಿತಾಟು ನೇತುಹಾಕಿದ್ದರು. ತಾಟಿನ ಆಚೆ ನಮ್ಮ ಅತ್ತೆ ದೊಡ್ಡಗಂಗಮ್ಮನವರ ಚಾಪೆ. ಅತ್ತೆಯವರಿಗೆ ನಿದ್ದೆ ಕಡಿಮೆ, ಕಿವಿ ಚುರುಕು.

ಅತ್ತೆಯವರದು ಹಳೇ ಕಾಲದ ಮರ್ಯಾದೆ. ಅಳಿಯನ ಮುಖ ನೋಡಿ ಮಾತಾಡುವುದಿಲ್ಲ. ನನಗೆ ಹೇಳಬೇಕಾದ್ದನ್ನೆಲ್ಲ ನಡುಮನೆಯ ಕಂಬಕ್ಕೆ ಹೇಳುತ್ತಾರೆ. "ಅಳಿಯಂದ್ರಿಗೆ ಸ್ನಾನಕ್ಕೆ ನೀರು ಕಾದದೆ" ಎಂದು ಕಂಬಕ್ಕೆ. "ಅಳಿಯಂದ್ರು ನೆನ್ನೆ ತಡವಾಗಿ ಬಂದ್ರು" ಎಂದೂ ಕಂಬಕ್ಕೇ. ನಾನು ಉತ್ತರವನ್ನು ಕಂಬಕ್ಕೆ ಕೊಡುತ್ತೇನೆ. ಐದು ವರ್ಷದಲ್ಲಿ ಆ ಕಂಬದೊಂದಿಗೆ ಆಡಿದಷ್ಟು ಮಾತು ನಾನು ಹೆಂಡತಿಯೊಂದಿಗೆ ಆಡಿಲ್ಲ.

ರತ್ನಳಿಗೆ ನಗು ಜಾಸ್ತಿ. ಆ ಮನೆಯಲ್ಲಿ ಹೆಣ್ಣುಮಕ್ಕಳು ಜೋರಾಗಿ ನಗುವಂತಿಲ್ಲ, ಆದ್ದರಿಂದ ಸೆರಗಿನ ತುದಿ ಬಾಯಿಗೆ ತುರುಕಿಕೊಂಡು ನಗುತ್ತಾಳೆ. ಅವಳ ಸೀರೆಗಳೆಲ್ಲ ಸೆರಗಿನ ಕಡೆಯಿಂದ ಹರಿದವು. ಒಂದು ದಿನ ಬಾವಿಯ ಹತ್ತಿರ, ಹಗ್ಗ ಎಳೆಯುವ ಸದ್ದಿನ ಮರೆಯಲ್ಲಿ, ಅವಳು ನನಗೆ ಹೇಳಿದ್ದಳು: "ಏನ್ರೀ, ಒಂದೇ ಒಂದ್ ದಿನ ಬಾಗ್ಲು ಇರೋ ಮನೇಲಿ ಬಾಗ್ಲು ಹಾಕ್ಕೊಂಡು ಹೊಟ್ಟೆ ತುಂಬ ನಗ್ಬೇಕು ಅಂತ ಆಸೆ ಕಣ್ರೀ." ಮದುವೆಯಾದ ಏಳು ವರ್ಷದಲ್ಲಿ ಅವಳು ನನ್ನನ್ನು ಕೇಳಿದ್ದು ಅದೊಂದೇ. ಒಡವೆ ಕೇಳಿದ್ದರೆ ಎಷ್ಟೋ ಸುಲಭವಾಗಿತ್ತು.

ಆ ಬೇಸಗೆಯಲ್ಲಿ ನಮ್ಮ ಶಿರಸ್ತೇದಾರ್ ಚನ್ನರಾಯಪ್ಪನವರು ಹೆಂಡತಿಯೊಡನೆ ಹಾರ್ಸ್ಲಿ ಕೊಂಡಕ್ಕೆ ಹೋಗಿ ನಾಲ್ಕು ದಿನ ಇದ್ದು ಬಂದರು. ಗಡಿಯಾಚೆ ಮದನಪಲ್ಲಿಯ ಹತ್ತಿರ ಇರುವ ಬೆಟ್ಟ ಅದು. ದೊರೆಗಳು ಬೇಸಗೆಗೆ ಹೋಗುವ ಜಾಗ. ಬಂದವರು ಹದಿನೈದು ದಿನ ಕಚೇರಿಗೆ ಸ್ವೆಟರು ಹಾಕಿಕೊಂಡು ಬಂದರು. ವೈಶಾಖದ ಶ್ರೀನಿವಾಸಪುರದಲ್ಲಿ ಸ್ವೆಟರು. ಬೆವರು ಒರೆಸಿಕೊಳ್ಳುತ್ತಾ, "ಇನ್ನೂ ಮೈಯಲ್ಲಿ ಆ ಚಳಿ ಇದೆ ಕಣ್ರೀ" ಎನ್ನುತ್ತಿದ್ದರು. ಅದಕ್ಕೆ 'ಚೇಂಜು' ಎನ್ನುತ್ತಾರಂತೆ. ಮೇಲೆ ಒಂದು ಚಿಕ್ಕ ಬಂಗಲೆ ಇದೆಯೆಂದೂ, ಕಾವಲುಗಾರನಿಗೆ ಚೀಟಿ ಕೊಟ್ಟರೆ ಒಂದು ಕೋಣೆ ಬಿಟ್ಟುಕೊಡುತ್ತಾನೆಂದೂ ಹೇಳಿದರು.

"ಕೋಣೆಗೆ ಬಾಗಿಲಿದೆಯಾ ಸಾರ್?" ಎಂದೆ.

"ಇದೇನ್ರಿ ಪ್ರಶ್ನೆ. ಎರಡು ಬಾಗಿಲು ಇದೆ. ಒಳಗಿಂದ ಚಿಲಕ."

ನನಗೂ ಒಂದು ಚೀಟಿ ಬೇಕು ಎಂದೆ. ಅವರು ಚೀಟಿ ಬರೆದುಕೊಟ್ಟು ಗುಟ್ಟಾಗಿ ಒಂದು ಎಚ್ಚರಿಕೆಯನ್ನೂ ಹೇಳಿದರು: "ಹಾರ್ಸ್ಲಿ ಅಂತ ಯಾರ ಹತ್ರಾನೂ ಬಾಯಿ ಬಿಡಬೇಡಿ. ನಾನು ಬಿಟ್ಟೆ, ನನ್ನ ಹೆಂಡತಿ ಅಕ್ಕನ ಸಂಸಾರ ಹಿಂದೇನೇ ಬಂತು." ಮಾರನೇ ವಾರ ಅವರಿಗೆ ಮುಳಬಾಗಿಲಿಗೆ ವರ್ಗವಾಯಿತು. ಹೆಚ್ಚಿನ ವಿವರ ಕೇಳಲು ಆಸಾಮಿಯೇ ಇಲ್ಲ.

ಬಾವಿಯ ಹತ್ತಿರ ನಾನು ರತ್ನಳಿಗೆ ಹಾರ್ಸ್ಲಿ ಕೊಂಡ, ಎರಡು ಬಾಗಿಲು, ಚಿಲಕ, ಎಲ್ಲ ಹೇಳಿದೆ. ಯಾರಿಗೂ ಹೇಳಬೇಡವೆಂದೂ ಹೇಳಿದೆ. ಅವಳು ಕೊಡ ಬಾವಿಗೆ ಬಿಟ್ಟುಬಿಟ್ಟಳು. ಅದನ್ನು ಎತ್ತಲು ಆಳು ಕರೆಸಬೇಕಾಯಿತು.

ಇನ್ನು ಊರಿನವರ ಸಲಹೆ ಕೇಳುವ ಕೆಲಸ. ಬೆಟ್ಟದ ಮೇಲೆ ಏನು ಉಡಬೇಕು, ಏನು ತಿನ್ನಬೇಕು, ಯಾವಾಗ ಏಳಬೇಕು, ನನಗೇನು ಗೊತ್ತು. ನಾನು ಮೇಲೆ ಹತ್ತಿದ್ದು ಅಟ್ಟ ಮಾತ್ರ. ಒಂದು ನೋಟುಪುಸ್ತಕ ತೆಗೆದುಕೊಂಡೆ. ಹಾರ್ಸ್ಲಿ ಎನ್ನುವಂತಿಲ್ಲ. ಬೆಟ್ಟ ಎಂದರೆ ಈ ತೆಲುಗು ಸೀಮೆಯ ಜನಕ್ಕೆ ತಟ್ಟನೆ ತಿಳಿಯದು ಎಂದುಕೊಂಡು, ಬುದ್ಧಿವಂತಿಕೆಯಿಂದ, ಅವರ ಮಾತಿನಲ್ಲೇ 'ಕೊಂಡ' ಎಂದು ಕೇಳಿದೆ. ತೆಲುಗಿನಲ್ಲಿ ಕೊಂಡ ಎಂದರೆ ಬೆಟ್ಟ. ಇಷ್ಟು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದು ಇನ್ನೊಂದಿತ್ತು. ಈ ಸೀಮೆಯಲ್ಲಿ ಬೆಟ್ಟಗಳು ಸಾವಿರ ಇರಬಹುದು. ಹೆಸರು ಹೇಳದೆ ಬರೀ ಕೊಂಡ ಎಂದರೆ ಒಂದೇ. ಅದು ತಿರುಪತಿ. ಹಸುಗೂಸಿಗೂ ಗೊತ್ತಿರುವ ಈ ಸಂಗತಿಯನ್ನು ಮಾಲೂರಿನವನಿಗೆ ಯಾರೂ ಹೇಳಿರಲಿಲ್ಲ.

ಮೊದಲು ಕೇಳಿದ್ದು ಕಚೇರಿಯ ಜವಾನ ಮುನಿಶಾಮಿಯನ್ನು. ಯಲ್ದೂರಿನವನು. ನಾಲ್ಕು ಸಲ ಕೊಂಡಕ್ಕೆ ಹೋಗಿದ್ದನಂತೆ. ನನಗೆ ಅವನ ಮೇಲೆ ಗೌರವ ಬಂತು.

"ಮೇಲೆ ಚಳಿ ಇರುತ್ತೇನಯ್ಯ?"

"ಬೆಳಗಿನ ಜಾವ ಮೂರಕ್ಕೆ ಎದ್ದು ತಣ್ಣೀರಲ್ಲಿ ಮುಳುಗ್ಬೇಕಲ್ಲ ಸಾಮಿ, ಚಳಿ ಇರದೆ ಇರ್ತದಾ."

"ಮೂರಕ್ಕೆ ಯಾಕೆ?"

"ಇಲ್ಲಾಂದ್ರೆ ಮುಂದೆ ಜಾಗ ಸಿಗಾಕಿಲ್ಲ. ನೋಡಾಕೆ ಅಂತ ಸಾವಿರ ಜನ ನಿಂತಿರ್ತಾರೆ. ಕಣ್ತುಂಬ ನೋಡಾನ ಅಂದ್ರೆ ಒಂದ್ ಗಳಿಗೆ ಬಿಡಾಕಿಲ್ಲ. ಕತ್ತಿಡಿದು ಆಚೆಗೆ ತಳ್ತಾರೆ."

ಸೂರ್ಯೋದಯ ನೋಡಲು ಇಷ್ಟು ನೂಕಾಟವೇ ಎಂದು ನನಗೆ ಆಶ್ಚರ್ಯವಾಯಿತು. ದೊರೆಗಳ ಜಾಗ, ಅವರಿಗೆ ಶಿಸ್ತು ಹೆಚ್ಚು, ತಳ್ಳುತ್ತಾರೆ ಎಂದುಕೊಂಡೆ. 'ಸೂರ್ಯೋದಯ: ಬೇಗ ಏಳುವುದು. ಕುತ್ತಿಗೆ ಜೋಪಾನ' ಎಂದು ಬರೆದುಕೊಂಡೆ.

"ಊಟ?"

"ಒಡೆ ತಿನ್ಬೇಕು ಸಾಮಿ. ಆ ಒಡೆ ಇನ್ನೆಲ್ಲೂ ಸಿಗಾಕಿಲ್ಲ. ಒಂದೊಂದು ತಟ್ಟೆ ಅಗಲ." ಹೀಗೆನ್ನುತ್ತಾ ಕೈಯನ್ನು ಕಣ್ಣಿಗೆ ಒತ್ತಿಕೊಂಡ. ವಡೆಗೆ ಇಷ್ಟು ಭಕ್ತಿ ತೋರಿಸುವವನನ್ನು ನಾನು ನೋಡಿರಲಿಲ್ಲ. ಅದನ್ನೂ ಬರೆದುಕೊಂಡೆ.

ಆಮೇಲೆ ಕ್ಷೌರದ ಕದಿರೇಶ. ಇಲ್ಲಿ ನನ್ನ ಕ್ರಾಪಿನ ವಿಷಯ ಒಂದು ಮಾತು ಹೇಳಬೇಕು. ನಮ್ಮ ವಂಶದಲ್ಲಿ ಜುಟ್ಟು ತೆಗೆಸಿ ಕ್ರಾಪು ಬಿಟ್ಟವನು ನಾನೇ ಮೊದಲು. ಎಡಕ್ಕೆ ಬೈತಲೆ, ಮುಂದೆ ಸ್ವಲ್ಪ ಏರು. ಅಮಲ್ದಾರರೇ ಒಮ್ಮೆ ಅದನ್ನು ನೋಡಿ ತಮ್ಮ ತಲೆ ಮುಟ್ಟಿಕೊಂಡಿದ್ದರು. ಬೆಟ್ಟದ ಮೇಲೆ ದೊರೆಗಳ ಮಧ್ಯೆ ಓಡಾಡುವಾಗ ಚೆನ್ನಾಗಿರಲಿ ಎಂದು ಕತ್ತರಿಸಿಕೊಳ್ಳಲು ಹೋದೆ. ಕದಿರೇಶ ಕತ್ತರಿ ಕೆಳಗಿಟ್ಟ.

"ಕೊಂಡಕ್ಕೆ ಹೋಗೋರು ಈಗ್ಯಾಕೆ ಕತ್ತರಿ ಹಾಕಿಸ್ತೀರಿ ಸಾಮಿ? ಬೆಳೀಲಿ ಬಿಡಿ. ಎಂಗಿದ್ರೂ ಅಲ್ಲಿ ಹೋಗೋದೇ ಅಲ್ಲವಾ."

"ಏನು ಹೋಗೋದು?"

"ಕೂದ್ಲು."

ನಾನು ಕ್ರಾಪಿನ ಮೇಲೆ ಕೈ ಇಟ್ಟುಕೊಂಡೆ. "ಎಲ್ಲಾನೂ?"

"ಒಂದೂ ಬಿಡಲ್ಲ."

"ಹೆಂಗಸರದು?"

"ಕೆಲವರ್ದು ಪೂರಾ ಹೋಗ್ತದೆ. ಕೆಲವರ್ದು ತುದೀದು ಮಾತ್ರ. ಅವರವರು ಹೊತ್ಕೊಂಡಂಗೆ."

"ನೀನು ಹೋದಾಗಲೂ ಹೋಯ್ತಾ?"

"ಮೂರು ಸಲವೂ ಹೋಯ್ತು. ಆಮ್ಯಾಕೆ ಬಂತು." ಬಲು ನೆಮ್ಮದಿಯಿಂದ ಹೇಳಿದ. ನಾನು ಬರೆದುಕೊಂಡೆ: 'ಮೇಲಿನ ಗಾಳಿಗೆ ಕೂದಲು ಉದುರುತ್ತದೆ. ಹರಳೆಣ್ಣೆ ಎರಡು ಸೀಸೆ. ಕಿವಿ ಮುಚ್ಚುವ ಟೋಪಿ.' ಚನ್ನರಾಯಪ್ಪನವರ ಕೂದಲು ಯಾಕೆ ಉದುರಲಿಲ್ಲ ಎಂದು ಯೋಚಿಸಿದೆ. ಅವರಿಗೆ ಮೊದಲೇ ಇರಲಿಲ್ಲ ಎಂದು ನೆನಪಾಯಿತು.

ಇಷ್ಟೆಲ್ಲ ಹೇಳಿದರೂ ನಿನಗೆ ಹೊಳೆಯಲಿಲ್ಲವೇನಯ್ಯ ಎಂದು ನೀವು ಕೇಳುತ್ತೀರಿ. ನನ್ನ ತಲೆಯಲ್ಲಿ ಎರಡು ಬಾಗಿಲು ಮತ್ತು ಒಂದು ಚಿಲಕ ಕೂತಿದ್ದವು. ಬೇರೆ ಯಾವುದಕ್ಕೂ ಜಾಗವಿರಲಿಲ್ಲ.

ಹತ್ತು ದಿನದ ರಜಕ್ಕೆ ಅರ್ಜಿ ಹಾಕಿದೆ. ಅರ್ಜಿಯಲ್ಲೂ ಗುಟ್ಟು ಬಿಡದೆ 'ಕೊಂಡಕ್ಕೆ ಹೋಗುವ ನಿಮಿತ್ತ' ಎಂದೇ ಬರೆದೆ. ನಮ್ಮ ಅಮಲ್ದಾರರು ಚಾಮರಾಜನಗರದ ಕಡೆಯವರು, ಬಂದು ಎರಡು ತಿಂಗಳಾಗಿತ್ತು. ತೆಲುಗು ಒಂದಕ್ಷರ ಬಾರದು. ಅವರ ಕಡೆ ಕೊಂಡ ಎಂದರೆ ಏನು ಎಂಬುದು ನನಗೆ ಆಮೇಲೆ ತಿಳಿಯಿತು. ಕೆಂಡ ತುಂಬಿದ ಉದ್ದನೆಯ ಗುಂಡಿ. ಹರಕೆ ಹೊತ್ತವರು ಅದರ ಮೇಲೆ ನಡೆಯುತ್ತಾರೆ.

ಅವರು ನನ್ನನ್ನು ಕರೆಸಿದರು. ಬಹಳ ಹೊತ್ತು ಮುಖ ನೋಡಿದರು.

"ರೀ ಅಪ್ಪಾಜಪ್ಪ, ನಿಮ್ಮನ್ನ ನೋಡಿದ್ರೆ ಇಷ್ಟು ಧೈರ್ಯಸ್ಥರು ಅಂತ ಗೊತ್ತಾಗಲ್ಲ."

"ಧೈರ್ಯ ಏನು ಬಂತು ಸಾರ್. ಈಗೀಗ ಬೇಕಾದಷ್ಟು ಜನ ಹೋಗ್ತಾರೆ."

"ಉದ್ದ ಎಷ್ಟಿರುತ್ತೆ?"

"ಬುಡದಿಂದ ಆ ತುದಿಗೆ ಏಳು ಮೈಲಿ ಅಂತಾರೆ ಸಾರ್."

ಅವರ ಲೇಖನಿ ಮೇಜಿನ ಮೇಲೆ ಉರುಳಿತು. "ನಮ್ಮೂರಲ್ಲಿ ಇಪ್ಪತ್ತು ಅಡಿ ಇದ್ರೆ ಹೆಚ್ಚು ಕಣ್ರೀ."

"ಇಪ್ಪತ್ತು ಅಡಿ ಇದ್ರೆ ಅದನ್ನ ನಾವು ದಿಣ್ಣೆ ಅಂತೀವಿ ಸಾರ್."

"ಬರಿಗಾಲಲ್ಲೇ ಹೋಗ್ತೀರಾ?"

"ಇಲ್ಲ ಸಾರ್, ಬೂಟ್ಸು ತಗೊಂಡಿದೀನಿ. ಎತ್ತಿನ ಗಾಡಿ ಸಿಕ್ಕಿದ್ರೆ ಗಾಡೀಲೇ ಹೋಗಿಬಿಡೋದು."

ಅಮಲ್ದಾರರು ಕಣ್ಣು ಮುಚ್ಚಿದರು. ಎತ್ತುಗಳನ್ನು ನೆನೆದಿರಬೇಕು. "ಮನೆಯವರು ಏನಂತಾರೆ ಇದಕ್ಕೆ?"

"ಅವಳೂ ಜೊತೇಲೇ ಬರ್ತಾಳೆ ಸಾರ್. ಅವಳಿಗೇ ಜಾಸ್ತಿ ಆಸೆ."

"ಆ ಹೆಣ್ಣುಮಗಳಿಗೆ ಬಿಸಿ ತಡೆಯುತ್ತೇನ್ರೀ?"

"ಬಿಸಿ ಎಲ್ಲಿ ಬಂತು ಸಾರ್. ಮೇಲೆ ಹೋದ್ಮೇಲೆ ತಣ್ಣಗೆ ಕೊರೀತದಂತೆ. ಸ್ವೆಟರು ಹೆಣೆಸಿದೀನಿ."

ಅಮಲ್ದಾರರು ಎದ್ದು ನಿಂತರು. "ಹೌದು. ನಂಬಿದವರಿಗೆ ತಣ್ಣಗೇ ಇರುತ್ತೆ," ಎಂದರು. ರಜಕ್ಕೆ ರುಜು ಹಾಕಿ, ಎರಡೂ ಕೈ ಜೋಡಿಸಿ ನನಗೆ ನಮಸ್ಕಾರ ಮಾಡಿದರು. ಅಮಲ್ದಾರ್ ಒಬ್ಬರು ಎರಡನೇ ಗುಮಾಸ್ತನಿಗೆ ಕೈ ಮುಗಿದದ್ದು ನಮ್ಮ ಕಚೇರಿಯಲ್ಲಿ ಅದೇ ಮೊದಲು. ಚೇಂಜಿಗೆ ಹೋಗುವವರಿಗೆ ಇಷ್ಟು ಮರ್ಯಾದೆ ಇದೆಯೆಂದು ಮೊದಲೇ ಗೊತ್ತಿದ್ದರೆ ಹಿಂದೆಯೇ ಹೋಗುತ್ತಿದ್ದೆ ಎಂದುಕೊಂಡೆ.

ಮುನಿಶಾಮಿಯ ಹೆಂಡತಿ ನಮ್ಮ ಮನೆಗೆ ಮೊಸರು ಹಾಕುವವಳು. ಹೀಗಾಗಿ ಸುದ್ದಿ ನನಗಿಂತ ಮುಂಚೆ ಮನೆ ಸೇರಿತ್ತು. ಸಂಜೆ ಅತ್ತೆಯವರು ಕಂಬಕ್ಕೆ ಹೇಳಿದರು: "ಅಳಿಯಂದ್ರು ಕೊಂಡಕ್ಕೆ ಹೋಗ್ತಾರಂತಲ್ಲ. ನನ್ನ ಹೊಟ್ಟೆ ತಣ್ಣಗಾಯ್ತು."

ನಾನು ಹೆದರಿಕೊಂಡೇ ಕಂಬಕ್ಕೆ ಹೇಳಿದೆ: "ನಾವಿಬ್ರೂ ಹೋಗೋಣ ಅಂತಿದೀವಿ."

"ಗಂಡ ಹೆಂಡ್ತಿ ಜೋಡೀಲೇ ಹೋಗ್ಬೇಕು. ಅಂಗೆ ಹೋದ್ರೇನೇ ಫಲ."

ಹೊರಗೆ ಇಷ್ಟು ಹಳೇ ಕಾಲದವರಾಗಿ ಕಂಡರೂ ಅತ್ತೆಯವರು ಒಳಗೆ ಎಂಥಾ ಸುಧಾರಿಸಿದ ಹೆಂಗಸು ಎಂದು ನನ್ನ ಕಣ್ಣಲ್ಲಿ ನೀರು ಬಂತು.

ರತ್ನ ಮಾತ್ರ ಆವತ್ತಿನಿಂದ ವಿಚಿತ್ರವಾಗಿ ಆಡತೊಡಗಿದಳು. ಅವಳು ಇದೇ ಊರಿನವಳು. ತಾಯಿಯ ಮನಸ್ಸಿನಲ್ಲಿರುವುದು ಯಾವ ಕೊಂಡ ಎಂದು ಅವಳಿಗೆ ಕ್ಷಣದಲ್ಲಿ ತಿಳಿದುಹೋಗಿತ್ತು. ನನಗೆ ಹೇಳಬೇಕು. ಹೇಳುವುದು ಎಲ್ಲಿ? ಮಾವಿನ ಸುಗ್ಗಿ, ಕೋಣೆ ತುಂಬ ಕಾಯಿ. ನನ್ನ ಹಾಸಿಗೆ ಜಗಲಿಗೆ, ಅವಳದು ಅಡುಗೆಮನೆಗೆ. ಬಾವಿಯ ಹತ್ತಿರ ಯಾವಾಗಲೂ ಇಬ್ಬರು ನಾದಿನಿಯರು. ಬರೆದು ಕೊಡೋಣವೆಂದರೆ ಅವಳಿಗೆ ಅಕ್ಷರ ಬಾರದು. ಎಂಟು ದಿನ ಅವಳು ನನ್ನೊಡನೆ ಒಂದು ಮಾತಾಡಲು ಒದ್ದಾಡಿದಳು. ನಾವು ಹೊರಟಿದ್ದೇ ಒಂದು ಮಾತಾಡುವುದಕ್ಕಾಗಿ ಎಂಬುದನ್ನು ನೆನೆದರೆ ಈಗಲೂ ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ.

ಕೊನೆಗೆ ಒಂದು ರಾತ್ರಿ ನಾನು ಊಟಕ್ಕೆ ಕೂತಿದ್ದಾಗ, ತಾಯಿಯ ಬೆನ್ನ ಹಿಂದೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಸನ್ನೆ ಮಾಡಿದಳು. ಹಣೆಯಿಂದ ಹಿಂದಲೆಯವರೆಗೆ ಅಂಗೈಯನ್ನು ನುಣ್ಣಗೆ ಸವರಿದಳು. ಇವಳಿಗೂ ಕೂದಲುದುರುವ ವಿಷಯ ತಿಳಿದಿದೆ ಎಂದುಕೊಂಡು, ಎಣ್ಣೆ ಸುರಿಯುವ ಹಾಗೆ ಕೈಮಾಡಿ, ಎರಡು ಸೀಸೆ ತಂದಿದ್ದೇನೆಂದು ಎರಡು ಬೆರಳು ತೋರಿಸಿದೆ. ಅವಳು ಕೈ ಮುಗಿದಳು. ಇರಲಿ ಬಿಡು, ಅಷ್ಟಕ್ಕೆಲ್ಲ ಯಾಕೆ ಎಂದು ತಲೆಯಾಡಿಸಿದೆ. ಅವಳು ಹಣೆಯ ಮೇಲೆ ಬೆರಳಿನಿಂದ ನೆಟ್ಟಗೆ ಮೂರು ಗೀಟು ಎಳೆದಳು. ಮೂರೇ ದಿನವಾ ಎಂದು ಕೇಳುತ್ತಿದ್ದಾಳೆ, ಪಾಪ. ಹತ್ತೂ ಬೆರಳು ಅರಳಿಸಿ ತೋರಿಸಿದೆ. ಅವಳು ಹಣೆ ಹಣೆ ಚಚ್ಚಿಕೊಂಡು ಒಳಗೆ ಹೋದಳು. ಸಂತೋಷ ತಡೆಯಲಾಗಲಿಲ್ಲ ಎಂದು ನಾನು ಇನ್ನೊಂದು ಮುದ್ದೆ ಹಾಕಿಸಿಕೊಂಡೆ.

ಹೊರಡುವ ದಿನ ಬೆಳಕು ಹರಿಯುತ್ತಲೇ ನಾನು ಎದ್ದು, ಬೂಟ್ಸು ಕಟ್ಟಿ, ಸ್ವೆಟರು ತೋಳಿನ ಮೇಲೆ ಹಾಕಿಕೊಂಡು, ಟ್ರಂಕು ಹಿಡಿದು ಬೀದಿಗೆ ಬಂದೆ. ಬೀದಿ ತುಂಬ ಜನ. ಎಲ್ಲರದೂ ಹಳದಿ ಬಟ್ಟೆ. ಎಲ್ಲರ ಹಣೆಯ ಮೇಲೂ ಮೂರು ನಾಮ. ಮನೆಯ ಹತ್ತು ಜನ, ಹೋಳೂರಿನಿಂದ ಬಂದ ಎಂಟು ಜನ, ತಲೆಗೂದಲು ತೆಗೆಸಬೇಕಾದ ಮೂರು ಕೂಸು, ಎರಡು ಚೀಲ ಮಾವಿನಹಣ್ಣು. ಮುಂದೆ ಹೋಳೂರಿನ ಪೆದ್ದಪ್ಪನವರು, ಅತ್ತೆಯ ಅಣ್ಣ, ಕೈಯಲ್ಲಿ ಜಾಗಟೆ. ನನ್ನನ್ನು ಕಂಡೊಡನೆ ಜಾಗಟೆ ಬಾರಿಸಿದರು.

"ಏಡುಕೊಂಡಲವಾಡಾ," ಎಂದರು ಪೆದ್ದಪ್ಪ. "ಗೋವಿಂದಾ," ಎಂದಿತು ಬೀದಿ.

ಏಡುಕೊಂಡಲು. ಏಳು ಬೆಟ್ಟ. ಆಗ ನನಗೆ ತಿಳಿಯಿತು. ವಡೆ, ತಣ್ಣೀರು, ಕತ್ತು ಹಿಡಿದು ತಳ್ಳುವುದು, ಕೂದಲು, ಮೂರು ಗೀಟು, ಎಲ್ಲವೂ ಒಟ್ಟಿಗೆ ತಿಳಿಯಿತು. ರತ್ನಳ ಮುಖ ನೋಡಿದೆ. ಅವಳು ಆಗಲೇ ಅತ್ತು ಮುಗಿಸಿದ್ದಳು.

"ಪೆದ್ದಪ್ಪನೋರೇ, ಇದು ನಾವಿಬ್ರೇ ಹೋಗೋದು ಅಂತ..." ಎಂದು ಶುರುಮಾಡಿದೆ.

"ಅದೆಂಗಾಯ್ತದೆ ಅಳಿಯಂದ್ರೇ," ಎಂದರು ಪೆದ್ದಪ್ಪ. "ನೀವು ಬಾಯಿ ಬಿಟ್ಟು ಕೊಂಡ ಅಂದ್ಮೇಲೆ ನಾವು ಮನೇಲಿ ಕೂತ್ಕೊಳಕಾಯ್ತದಾ? ಸ್ವಾಮಿ ಮೆಚ್ಚಾನಾ?"

ಮಿಕ್ಕಿದ್ದನ್ನು ಅತ್ತೆಯವರು ಕಂಬವಿಲ್ಲದ್ದರಿಂದ ಬೀದಿಯ ದೀಪದ ಕಲ್ಲಿಗೆ ಹೇಳಿದರು. ಹೋದ ವರ್ಷ ಅಳಿಯಂದಿರಿಗೆ ವಿಷಮಜ್ವರ ಬಂದು ಮೂರು ವಾರ ಕಣ್ಣು ಬಿಡದೆ ಮಲಗಿದ್ದಾಗ, ಅಳಿಯಂದಿರ ತಲೆ ಮುಡಿ ಕೊಡಿಸುತ್ತೇನೆ, ಬರಿಗಾಲಲ್ಲಿ ಹತ್ತಿಸುತ್ತೇನೆ ಎಂದು ತಾನು ಹರಕೆ ಹೊತ್ತದ್ದು. ಕ್ರಾಪಿನ ಮೇಲೆ ಅಳಿಯಂದಿರಿಗಿರುವ ಆಸೆ ಕಂಡು ಹೇಳಲು ಬಾಯಿ ಬಾರದೆ ಇದ್ದದ್ದು. ದಿನವೂ ದೇವರ ಮುಂದೆ ತಪ್ಪುಕಾಣಿಕೆ ಇಟ್ಟದ್ದು. ಈಗ ಅಳಿಯಂದಿರೇ ತಾವಾಗಿ ಕೊಂಡ ಎಂದದ್ದು. ಹೇಳುತ್ತಾ ಹೇಳುತ್ತಾ ಅವರು ಅತ್ತುಬಿಟ್ಟರು. ನನ್ನ ಜೀವ ಉಳಿಸಿಕೊಂಡ ಹೆಂಗಸಿಗೆ, ನಾನು ನಿಮ್ಮ ಮಗಳೊಡನೆ ಬಾಗಿಲು ಹಾಕಿಕೊಂಡು ನಗಲು ಹೊರಟಿದ್ದೆ ಎಂದು ಹೇಗೆ ಹೇಳುವುದು? ಬೂಟ್ಸು ಬಿಚ್ಚಿ ಟ್ರಂಕಿಗೆ ಹಾಕಿದೆ.

ಮದನಪಲ್ಲಿಯಲ್ಲಿ ಬಸ್ಸು ನೀರು ಹಾಕಿಸಿಕೊಳ್ಳಲು ನಿಂತಿತು. ದೂರದಲ್ಲಿ, ತಲೆಯ ಮೇಲೆ ಒಂದು ತುಂಡು ಮೋಡ ಇಟ್ಟುಕೊಂಡು, ಹಾರ್ಸ್ಲಿ ಕೊಂಡ ಕಾಣಿಸುತ್ತಿತ್ತು. ಜೇಬಿನಲ್ಲಿ ಚೀಟಿ ಇತ್ತು. ಕೊನೆಯ ಸಲ ಪ್ರಯತ್ನಪಟ್ಟೆ.

"ಪೆದ್ದಪ್ಪನೋರೇ, ನಾನೂ ರತ್ನಾನೂ ಇಲ್ಲಿ ಇಳೀತೀವಿ."

"ಇಳೀರಿ ಇಳೀರಿ, ಮುಂದೆ ದೂರ ನಿಲ್ಸಲ್ಲ. ಗಂಡಸ್ರಿಗೆ ಆ ಹುಣಿಸೇಮರದ ಹಿಂದೆ, ಹೆಂಗಸ್ರಿಗೆ ಈ ಕಡೆ," ಎಂದರು. ಅಷ್ಟೇ ಅಲ್ಲ, ಎಲ್ಲರನ್ನೂ ಇಳಿಸಿದರು. ಇಪ್ಪತ್ತು ಜನ ನಮ್ಮ ಹಿಂದೆ ಬಂದರು. ನಾನು ಹುಣಿಸೇಮರದ ಹಿಂದೆ ನಿಂತು ಚೀಟಿಯನ್ನು ಚೂರುಚೂರು ಮಾಡಿದೆ.

ತಿರುಪತಿ ಬೆಟ್ಟದ ಬುಡದ ಅಲಿಪಿರಿಯಿಂದ ಮೇಲಕ್ಕೆ ಬರಿಗಾಲಲ್ಲಿ ಹತ್ತಿದ್ದು ಮಟಮಟ ಮಧ್ಯಾಹ್ನ. ಬೆಳಗಾಗುವ ಮುಂಚೆ ಹತ್ತಬೇಕೆಂದು ಎಲ್ಲರಿಗೂ ಗೊತ್ತಿತ್ತು, ಆದರೆ ಪೆದ್ದಪ್ಪನವರು ಜಾಗಟೆ ಕಳೆದುಕೊಂಡು ಅದನ್ನು ಹುಡುಕುವುದರಲ್ಲಿ ಹೊತ್ತೇರಿತು. ಮೆಟ್ಟಿಲ ಕಲ್ಲು ರೊಟ್ಟಿ ಬೇಯುವಷ್ಟು ಕಾದಿತ್ತು. ನಾನು ಕುಣಿಯುತ್ತಾ ಹತ್ತಿದೆ. ಹಿಂದೆ ಬರುತ್ತಿದ್ದ ಯಾರೋ ಭಕ್ತರು ನನ್ನ ಕುಣಿತ ನೋಡಿ, ಆನಂದದಲ್ಲಿ ಮೈಮರೆತಿದ್ದಾನೆ ಎಂದು ಅಡ್ಡಬಿದ್ದರು. ಮೇಲೆ ಮುಟ್ಟುವಾಗ ಎರಡೂ ಅಂಗಾಲಿನಲ್ಲಿ ರೂಪಾಯಿ ಅಗಲದ ಬೊಬ್ಬೆ.

ತಲೆ ಕೊಡುವ ಜಾಗದಲ್ಲಿ ಕ್ಷೌರದವನು ನನ್ನ ಕ್ರಾಪಿನ ಮೇಲೆ ಒಂದು ಚೊಂಬು ತಣ್ಣೀರು ಸುರಿದ. ಅತ್ತೆಯವರು ಅವನ ಕತ್ತಿಗೆ ಹೇಳಿದರು: "ಅಳಿಯಂದ್ರದು ಒಂದೂ ಬಿಡ್ಬೇಡ." ಕದಿರೇಶ ಹೇಳಿದ ಹಾಗೆ ಒಂದೂ ಬಿಡಲಿಲ್ಲ. ಐದು ವರ್ಷ ಸಾಕಿದ ಬೈತಲೆ ನಾಲ್ಕು ಎಳೆತಕ್ಕೆ ಕಲ್ಲಿನ ಮೇಲೆ ಬಿತ್ತು. ಬಿಸಿಲಿಗೆ ತಲೆ ಚುರುಗುಟ್ಟತೊಡಗಿತು. ಮೂರೂ ಕೂಸುಗಳು ಆಗಲೇ ಬೋಳಾಗಿ, ಗಂಧ ಹಚ್ಚಿಸಿಕೊಂಡು, ಸಾಲಾಗಿ ಕೂತು ಅಳುತ್ತಿದ್ದವು. ನನಗೂ ಅವುಗಳ ಬಟ್ಟಲಿನಿಂದಲೇ ಗಂಧ ಹಚ್ಚಿ, ಜಾಗವಿಲ್ಲದ್ದರಿಂದ ಆ ಸಾಲಿನ ಕೊನೆಗೇ ಕೂರಿಸಿದರು. ನನಗೂ ಅಳು ಬಂತು. ಅತ್ತುಬಿಟ್ಟೆ.

ಆಗ ರತ್ನ ನನ್ನನ್ನು ನೋಡಿದಳು. ನೋಡಿದಳು, ಸೆರಗಿಗೆ ಕೈ ಹಾಕಿದಳು. ಸೆರಗಿನಲ್ಲಿ ಮಾವಿನಹಣ್ಣು ಕಟ್ಟಿತ್ತು. ಬಾಯಿಗೆ ತುರುಕಲು ತುದಿ ಸಿಗಲಿಲ್ಲ.

ಅವಳು ನಕ್ಕಳು. ನಾನು ಏಳು ವರ್ಷದಿಂದ ಆ ನಗುವಿನ ಸದ್ದು ಕೇಳಿರಲಿಲ್ಲ. ಹೊಟ್ಟೆ ಹಿಡಿದುಕೊಂಡು, ಬಗ್ಗಿ, ಎದ್ದು, ಕಂಬಕ್ಕೆ ಒರಗಿ, ಕಣ್ಣಲ್ಲಿ ನೀರು ಸುರಿಸುತ್ತಾ ನಕ್ಕಳು. ಜನ ತಿರುಗಿ ನೋಡಿದರು. ಕ್ಷೌರದವನ ಕತ್ತಿ ನಿಂತಿತು. ನನ್ನ ಹೆಂಡತಿ ಇಷ್ಟು ಚೆನ್ನಾಗಿ ನಗುತ್ತಾಳೆ ಎಂದು ನನಗೆ ಗೊತ್ತೇ ಇರಲಿಲ್ಲ. ಸಾಲಿನಲ್ಲಿ ಕೂತಲ್ಲೇ ನನಗೂ ನಗು ಶುರುವಾಗುತ್ತಿತ್ತು. ಅಷ್ಟರಲ್ಲಿ ಅತ್ತೆಯವರು ಕೂಗಿದರು:

"ಅಳಿಯಂದ್ರೇ, ಹಿಡ್ಕೊಳ್ರಿ ಅವಳನ್ನ. ಮೈಮೇಲೆ ಬಂದದೆ."

ಐದು ವರ್ಷದಲ್ಲಿ ಅತ್ತೆಯವರು ನನ್ನ ಮುಖ ನೋಡಿ ಆಡಿದ ಮೊದಲ ಮಾತು ಅದು.

ಪೆದ್ದಪ್ಪನವರು ಜಾಗಟೆ ಬಾರಿಸಿದರು. ಯಾರೋ ಕರ್ಪೂರ ಹಚ್ಚಿದರು, ಯಾರೋ ಬೇವಿನ ಸೊಪ್ಪು ತಂದರು. ಕರ್ಪೂರ ಮುಖದ ಮುಂದೆ ಆಡಿದಷ್ಟೂ ರತ್ನಳಿಗೆ ನಗು ಹೆಚ್ಚಾಯಿತು.

"ಎವರಮ್ಮಾ ನುವ್ವು? ಯಾರು ತಾಯಿ ನೀನು? ಏನ್ ಬೇಕು ಹೇಳು," ಎಂದು ಅತ್ತೆಯವರು ಅವಳ ಕಾಲಿಗೆ ಬಿದ್ದರು.

ಏನು ಬೇಕು ಎಂದು ಆ ಮನೆಯಲ್ಲಿ ಅವಳನ್ನು ಯಾರೂ ಕೇಳಿರಲಿಲ್ಲ. ರತ್ನಳ ನಗು ಅಳುವಾಯಿತು. ಬಿಕ್ಕುತ್ತಾ ನಿಜವನ್ನೇ ಹೇಳಿದಳು: "ಕೊಂಡ... ಕೊಂಡಕ್ಕೆ ಹೋಗ್ಬೇಕು. ನಾವಿಬ್ರೇ..."

"ಕೇಳಿದ್ರಾ?" ಎಂದರು ಪೆದ್ದಪ್ಪ, ಸುತ್ತ ನೋಡುತ್ತಾ. "ನಾವಿಬ್ರು ಅಂತವ್ಳೆ. ಶ್ರೀದೇವಿ, ಭೂದೇವಿ. ಇಬ್ರೂ ಬಂದವ್ರೆ."

"ಆಗ್ಲಿ ತಾಯಿ," ಎಂದು ಅತ್ತೆಯವರು ಕೆನ್ನೆ ಬಡಿದುಕೊಂಡರು. "ವರ್ಷ ವರ್ಷಾನೂ ಕೊಂಡಕ್ಕೆ ಬರ್ತೀವಿ. ಇಡೀ ಮನೆ ಬರ್ತೀವಿ. ಅಳಿಯಂದ್ರು ವರ್ಷ ವರ್ಷಾನೂ ತಲೆ ಕೊಡ್ತಾರೆ. ಶಾಂತಳಾಗು."

ರತ್ನ ಶಾಂತಳಾದಳು. ಇನ್ನೇನು ಮಾಡಿಯಾಳು? ನಾನೂ ಶಾಂತನಾದೆ.

ಕಚೇರಿಗೆ ಹಿಂದಿರುಗಿದ ದಿನ ನಾನು ನಿಜ ಹೇಳಿಬಿಡೋಣವೆಂದುಕೊಂಡೆ. ಅಮಲ್ದಾರರು ನಾನು ಕುಂಟುವುದನ್ನು ಕಂಡು ಬಾಗಿಲು ಹಾಕಿಸಿ, ಅಂಗಾಲು ತೋರಿಸಿ ಎಂದರು. ತೋರಿಸಿದೆ. ಬೊಬ್ಬೆಗಳನ್ನು ಬಹಳ ಹೊತ್ತು ನೋಡಿದರು.

"ಏಳು ಮೈಲಿಗೆ ಇದು ಏನೂ ಅಲ್ಲ ಕಣ್ರೀ," ಎಂದರು. "ಕೂದಲು ಮಾತ್ರ ಪೂರ್ತಿ ಸುಟ್ಟುಹೋಗಿದೆ."

"ಸಾರ್, ಅದು ತಿರುಪತಿ ಸಾರ್."

"ನೀವು ದೊಡ್ಡವರು. ಎಲ್ಲಾ ಅವನ ಮೇಲೇ ಹಾಕ್ತೀರಿ," ಎಂದರು. ಆ ವರ್ಷ ತಮ್ಮ ಊರಿನ ಕೊಂಡಕ್ಕೂ ನನ್ನನ್ನು ಕರೆದುಕೊಂಡು ಹೋಗುವ ಯೋಚನೆ ಅವರಿಗಿತ್ತು. ಅಷ್ಟರಲ್ಲಿ ಅವರಿಗೆ ವರ್ಗವಾಗಿ ನಾನು ಬದುಕಿದೆ.

ಇದು ನಡೆದು ಆರು ವರ್ಷವಾಯಿತು. ಆಮೇಲೆ ಇನ್ನೂ ಆರು ಸಲ ತಲೆ ಕೊಟ್ಟಿದ್ದೇನೆ. ಕ್ರಾಪಿನ ಆಸೆ ಬಿಟ್ಟಿದ್ದೇನೆ. ಬಾಡಿಗೆ ಮನೆ ಇನ್ನೂ ಸಿಕ್ಕಿಲ್ಲ. ಯುದ್ಧ ಬಂದ ಮೇಲೆ ಪೆಟ್ರೋಲು ಹೋಗಿ ಬಸ್ಸಿಗೆ ಇದ್ದಿಲಿನ ಒಲೆ ಬಂದಿದೆ, ಆದ್ದರಿಂದ ಮದನಪಲ್ಲಿಯಲ್ಲಿ ಅರ್ಧ ಗಂಟೆ ನಿಲ್ಲುತ್ತದೆ. ಈ ವರ್ಷ ಹಿಂದಿರುಗುವಾಗಲೂ ನಿಂತಿತು. ಎಲ್ಲರೂ ಹುಣಿಸೇಮರದ ನೆರಳಿಗೆ ಬುತ್ತಿ ಬಿಚ್ಚಲು ಹೋದರು. ಸಾಮಾನು ನೋಡಿಕೊಳ್ಳಲು ಯಾರಾದರೂ ಬೇಕು ಎಂದು ನಮ್ಮಿಬ್ಬರನ್ನು ಬಸ್ಸಿನಲ್ಲೇ ಬಿಟ್ಟರು. ಕಿಟಕಿಯಲ್ಲಿ ಹಾರ್ಸ್ಲಿ ಕೊಂಡ ಕಾಣುತ್ತಿತ್ತು. ಇಬ್ಬರೂ ಅದನ್ನೇ ನೋಡುತ್ತಾ ಕೂತಿದ್ದೆವು. ಆ ಎರಡು ಬಾಗಿಲು ಯಾವ ಬಣ್ಣ ಇರಬಹುದು ಎಂದು ಅವಳು ಕೇಳಿದಳು. ಹಸಿರು ಎಂದೆ.

ಹೊರಗಿನಿಂದ ಅತ್ತೆಯವರು ಬಸ್ಸಿನ ತಗಡಿಗೆ ಹೇಳಿದರು: "ಅಳಿಯಂದ್ರ ಬೋಳುತಲೆಗೆ ಬಿಸಿಲು ಹೊಡೀತದೆ. ಪಡದೆ ಬಿಟ್ಕೊಳಕ್ಕೆ ಹೇಳು."

ಪಡದೆ ಬಿಟ್ಟೆ. ಕೊಂಡ ಮರೆಯಾಯಿತು. ಬಸ್ಸಿನೊಳಗೆ ಕತ್ತಲಾಯಿತು. ಸುತ್ತ ಯಾರೂ ಇರಲಿಲ್ಲ. ರತ್ನ ಕೈ ಚಾಚಿ ಕತ್ತಲಲ್ಲಿ ನನ್ನ ತಲೆ ಸವರಿದಳು, ಹಣೆಯಿಂದ ಹಿಂದಲೆಯವರೆಗೆ, ಆರು ವರ್ಷದ ಹಿಂದೆ ಹೊಸ್ತಿಲಲ್ಲಿ ನಿಂತು ಸನ್ನೆ ಮಾಡಿದ ಹಾಗೆಯೇ. ನಾನು ಎರಡು ಬೆರಳು ಎತ್ತಿ, "ಎಣ್ಣೆ ಎರಡು ಸೀಸೆ ತಂದಿದೀನಿ ಕಣೇ," ಎಂದೆ.

ಅವಳು ನಕ್ಕಳು. ಸೆರಗು ಹುಡುಕಲಿಲ್ಲ, ಹೊಟ್ಟೆ ತುಂಬ ನಕ್ಕಳು. ನಾನೂ ನಕ್ಕೆ. ಏಳೋ ಎಂಟೋ ಉಸಿರಿನಷ್ಟು ಹೊತ್ತು ನಾವಿಬ್ಬರೇ ನಕ್ಕೆವು.

ಆಮೇಲೆ ಹೊರಗೆ ಜಾಗಟೆ ಕೇಳಿಸಿತು.

"ಬಂದ್ಳು," ಎಂದರು ಪೆದ್ದಪ್ಪ. "ಈ ಸಲ ಅಳಿಯಂದ್ರ ಮೈಮೇಲೂ ಬಂದವ್ನೆ. ಕರ್ಪೂರ ತನ್ನಿ."

ತಗಡಿನ ಆಚೆ ಅತ್ತೆಯವರ ದನಿ ಭಕ್ತಿಯಿಂದ ನಡುಗುತ್ತಿತ್ತು: "ಅಳಿಯಂದ್ರಿಗೆ ಹೇಳು, ಇನ್ಮೇಲೆ ವರ್ಷಕ್ಕೆ ಎರಡ್ ಸಲ ಕೊಂಡಕ್ಕೆ ಹೋಗಾನ."